ಜೋನ್ ರಿವರ್ಸ್ ಮಾಡಿದ್ದು ದ್ರೋಹವಾ? ಎಂಬತ್ತರ ದಶಕದ ಅಮೆರಿಕನ್ ಟಾಕ್ ಶೋಗಳ ಬಗ್ಗೆ ಮಾತಾಡೋಣ ಬನ್ನಿ

ರಾತ್ರಿಪಾಳಿ:
ಯೂಟ್ಯೂಬಿನಲ್ಲಿ ಹಳೇ ಅಮೆರಿಕನ್ ಟಾಕ್ ಶೋಗಳನ್ನು ನೋಡುವ ಚಟ ಹತ್ತಿದೆ. ಜಾನಿ ಕಾರ್ಸನ್‌ನಿಂದ ಶುರುವಾಯಿತು. ಈಗ ಲೆಟರ್‌ಮನ್, ಡೊನಹ್ಯೂ, ಹೆರಾಲ್ಡೊ ಅಂತ ಎಲ್ಲಾ ಕಡೆ ಅಲೆಯುತ್ತಿದ್ದೇನೆ. ಆದರೆ ಒಂದು ಜಗಳ ಮಾತ್ರ ತಲೆಯಿಂದ ಹೋಗುತ್ತಿಲ್ಲ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಎನ್‌ಬಿಸಿ ಟಿವಿ ನೆಟ್‌ವರ್ಕಿನ 'ಟುನೈಟ್ ಶೋ'ಗೆ ಕಾರ್ಸನ್ ಬಂದಿದ್ದು 1962ರ ಅಕ್ಟೋಬರಿನಲ್ಲಿ. 1992ರ ಮೇ ತನಕ, ಅಂದರೆ ಮೂವತ್ತು ವರ್ಷ, ಅವನೇ ರಾಜ. ಅಮೆರಿಕದಲ್ಲಿ ಹಾಸ್ಯ ಮಾಡುವವರಿಗೆ ಅವನ ಶೋನಲ್ಲಿ ಐದು ನಿಮಿಷ ಸಿಕ್ಕರೆ ಜೀವನವೇ ಬದಲಾಗುತ್ತಿತ್ತು. ಜೋನ್ ರಿವರ್ಸ್‌ಗೂ ಹಾಗೇ ಆಯಿತು. 1965ರಲ್ಲಿ ಮೊದಲ ಸಲ ಬಂದಳು. ನೀನು ದೊಡ್ಡ ಸ್ಟಾರ್ ಆಗುತ್ತೀಯ ಅಂತ ಕಾರ್ಸನ್ ಕ್ಯಾಮೆರಾ ಮುಂದೇ ಹೇಳಿದ. 1983ರಲ್ಲಿ ಅವಳು ಖಾಯಂ ಗೆಸ್ಟ್ ಹೋಸ್ಟ್ ಆದಳು. ಅವನು ರಜೆ ಹಾಕಿದಾಗೆಲ್ಲ ಇವಳದೇ ಮೇಜು. ಅವನು ರಜೆ ಹಾಕುತ್ತಿದ್ದದ್ದೂ ಜಾಸ್ತಿಯೇ!

1986ರಲ್ಲಿ ಮಾಧ್ಯಮ ಧಣಿ ರೂಪರ್ಟ್ ಮರ್ಡಾಕ್‌ನ ಹೊಸ ಫಾಕ್ಸ್ ನೆಟ್‌ವರ್ಕ್ ಅವಳಿಗೆ ಸ್ವಂತ ಶೋ ಕೊಟ್ಟಿತು. ರಾತ್ರಿ 11ಕ್ಕೆ, ಕಾರ್ಸನ್‌ಗಿಂತ ಅರ್ಧ ಗಂಟೆ ಮುಂಚೆ, ಅವನಿಗೇ ಎದುರಾಗಿ. ಸುದ್ದಿ ಹೊರಬಿದ್ದ ಮೇಲೆ ಫೋನ್ ಮಾಡಿದೆ, ಅವನು ಮಾತಾಡದೆ ಇಟ್ಟುಬಿಟ್ಟ ಅಂತ ಅವಳು ಹೇಳಿಕೊಂಡಿದ್ದಾಳೆ. ಅಲ್ಲಿಂದ ಮುಂದೆ ಕಾರ್ಸನ್ ಅವಳ ಜೊತೆ ಮಾತೇ ಆಡಲಿಲ್ಲ. 2005ರಲ್ಲಿ ಸಾಯುವ ತನಕವೂ ಇಲ್ಲ.

ನನ್ನ ಪ್ರಶ್ನೆ ಇಷ್ಟೇ. ಇದು ದ್ರೋಹವಾ? ಅಥವಾ ದೊಡ್ಡ ಮನುಷ್ಯನ ಸಣ್ಣತನವಾ?

ಪಾಪ್‌ಕಾರ್ನ್ ಪುಟ್ಟ:
ಸಣ್ಣತನ. ಮುಗಿಯಿತು. ಮುಂದಿನ ವಿಷಯ ಹಾಕಿ ಗುರು.

ಎಡಿಸನ್ ಮಾವ:
ಪುಟ್ಟ, ಅಷ್ಟು ಸುಲಭ ಇಲ್ಲಪ್ಪ. ನಾನು ಆ ಕಾಲದಲ್ಲಿ ನ್ಯೂಜೆರ್ಸಿಯಲ್ಲೇ ಇದ್ದವನು. ಇಂಗ್ಲಿಷ್ ಬರುತ್ತಿತ್ತು, ಆದರೆ ಅಮೆರಿಕನ್ ಜೋಕ್ ತಲೆಗೆ ಹೋಗುತ್ತಿರಲಿಲ್ಲ. ಕಾರ್ಸನ್ ಮೊನೊಲಾಗ್, ಅಂದರೆ ಶೋ ಶುರುವಿನಲ್ಲಿ ಒಬ್ಬನೇ ನಿಂತು ಹೇಳುವ ಜೋಕುಗಳನ್ನು, ನೋಡಿಯೇ ಕಲಿತದ್ದು. ಬೆಳಗ್ಗೆ ಆಫೀಸಿನಲ್ಲಿ ಕಾಫಿ ಮಷೀನ್ ಹತ್ತಿರ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ರೇಗನ್ ಬಗ್ಗೆ ಅವನು ನಗುತ್ತಲೇ ಚುಚ್ಚುವುದು ಹೇಗೆ, ಜೋಕ್ ಬಿದ್ದುಹೋದರೆ ಅದನ್ನೇ ಇನ್ನೊಂದು ಜೋಕ್ ಮಾಡುವುದು ಹೇಗೆ, ಅದನ್ನು ನೋಡಬೇಕು. ಎಷ್ಟೋ ಸಲ ಸೋತ ಜೋಕೇ ಗೆದ್ದ ಜೋಕಿಗಿಂತ ಚೆನ್ನಾಗಿರುತ್ತಿತ್ತು.

ಆ ಮನುಷ್ಯನಿಗೆ ಎಷ್ಟು ಶಕ್ತಿ ಇತ್ತು ಅಂದರೆ, 1973ರ ಡಿಸೆಂಬರಿನಲ್ಲಿ ಟಾಯ್ಲೆಟ್ ಪೇಪರ್ ಕೊರತೆ ಬರುತ್ತಂತೆ ಅಂತ ಒಂದು ಜೋಕ್ ಹೇಳಿದ. ಜನ ಅಂಗಡಿಗೆ ನುಗ್ಗಿ ನಿಜವಾಗಿಯೂ ಕೊರತೆ ಮಾಡಿಬಿಟ್ಟರು! ಇದು ನಾನು ಬರುವ ಮೊದಲಿನ ಕಥೆ. ಆದರೆ ಎಂಬತ್ತರಲ್ಲೂ ಜನ ಅದನ್ನೇ ಹೇಳಿಕೊಂಡು ನಗುತ್ತಿದ್ದರು.

ಅಂಥವನಿಗೆ ಸುದ್ದಿ ಬೇರೆಯವರ ಬಾಯಿಂದ ತಿಳಿಯಿತು. ಅದೇ ಅವನಿಗೆ ನೋವಾಗಿದ್ದು. ಹೋಗುವುದು ತಪ್ಪಲ್ಲ. ಮೊದಲೇ ಹೋಗಿ ಹೇಳಬೇಕಿತ್ತು.

ಹುಬ್ಬಳ್ಳಿ ಅಕ್ಕ:
ಮಾವ, ಹೇಳಿದ್ದರೆ ಏನಾಗುತ್ತಿತ್ತು? ಬಿಡುತ್ತಿದ್ದನಾ ಅವನು?

ಇನ್ನೊಂದು ಕಡೆಯನ್ನೂ ಸ್ವಲ್ಪ ನೋಡಿ. ಕಾರ್ಸನ್ ಬಿಟ್ಟರೆ ಅವನ ಜಾಗಕ್ಕೆ ಯಾರು ಅಂತ ಎನ್‌ಬಿಸಿಯವರು ಒಂದು ಪಟ್ಟಿ ಮಾಡಿದ್ದರಂತೆ. ಅದರಲ್ಲಿ ತನ್ನ ಹೆಸರೇ ಇರಲಿಲ್ಲ ಅಂತ ರಿವರ್ಸ್ ಆಮೇಲೆ ಹೇಳಿದಳು. ಖಾಯಂ ಗೆಸ್ಟ್ ಹೋಸ್ಟ್ ಅವಳು. ಅವಳು ಕೂತ ರಾತ್ರಿಗಳಲ್ಲೂ ಜನ ಚೆನ್ನಾಗಿಯೇ ನೋಡುತ್ತಿದ್ದರು. ಆದರೂ ಪಟ್ಟಿಯಲ್ಲಿ ಇಲ್ಲ. ಗಂಡಸಾಗಿದ್ದರೆ ಹೀಗೆ ಮಾಡುತ್ತಿರಲಿಲ್ಲ ಅಂತ ಅವಳೇ ಹೇಳಿದ್ದಾಳೆ. ನನಗೂ ಅದೇ ಅನ್ನಿಸುತ್ತದೆ.

ಫಾಕ್ಸ್‌ನಲ್ಲಿ ಏನಾಯಿತು ನೋಡಿ. 1986ರ ಅಕ್ಟೋಬರ್ 9ಕ್ಕೆ ಶೋ ಶುರು. ಮೊದಲ ರಾತ್ರಿಯ ಅತಿಥಿಗಳು ಹಾಡುಗಾರ್ತಿ ಶೇರ್, ಎಲ್ಟನ್ ಜಾನ್, ಡೇವಿಡ್ ಲೀ ರಾತ್, ಪೀ-ವೀ ಹರ್ಮನ್. ಭರ್ಜರಿಯಾಗಿಯೇ ಇತ್ತು. ಆಮೇಲೆ ರೇಟಿಂಗ್ ಇಳಿಯಿತು. ಗಂಡ ಎಡ್ಗರ್ ರೋಸೆನ್‌ಬರ್ಗ್ ಆ ಶೋನ ನಿರ್ಮಾಪಕ. ಫಾಕ್ಸ್ ಮಂದಿಗೂ ಅವನಿಗೂ ಆಗಲಿಲ್ಲ. ಅವನನ್ನು ತೆಗಿ ಅಂದರು, ಇವಳು ಒಪ್ಪಲಿಲ್ಲ. 1987ರ ಮೇ ತಿಂಗಳಲ್ಲಿ ಇಬ್ಬರನ್ನೂ ಹೊರಗೆ ಹಾಕಿದರು. ಆಗಸ್ಟಿನಲ್ಲಿ ಗಂಡ ಆತ್ಮಹತ್ಯೆ ಮಾಡಿಕೊಂಡ. ಒಂದು ವರ್ಷದೊಳಗೆ ಶೋ ಹೋಯಿತು, ಗಂಡ ಹೋದ, ಹಳೇ ಮನೆಯ ಬಾಗಿಲೂ ಮುಚ್ಚಿತ್ತು. ಇದನ್ನೆಲ್ಲ ನೋಡಿದ ಮೇಲೂ ಕಾರ್ಸನ್‌ಗೆ ಒಂದು ಫೋನ್ ಮಾಡಲು ಆಗಲಿಲ್ಲ ಅಂದರೆ ಏನು ಹೇಳಬೇಕು ರೀ?

ರಾತ್ರಿಪಾಳಿ:
ಅಕ್ಕ, ಗಂಡ ಸತ್ತ ವಿಷಯ ನನಗೆ ಗೊತ್ತೇ ಇರಲಿಲ್ಲ. ಛೆ.

ಲೆಕ್ಕದ ಮೇಷ್ಟ್ರು:
ಎಲ್ಲರೂ ಭಾವನೆಯ ಮೇಲೆ ಮಾತಾಡುತ್ತಿದ್ದೀರಿ. ನಾನು ಕಾಂಟ್ರಾಕ್ಟ್ ಮೇಲೆ ಮಾತಾಡುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಎಂಬತ್ತರ ದಶಕದ ಟಾಕ್ ಶೋ ಕಥೆಯನ್ನು ಒಂದೇ ಪ್ರಶ್ನೆ ಇಟ್ಟುಕೊಂಡು ಓದಬಹುದು. ಶೋ ಯಾರ ಹೆಸರಿನಲ್ಲಿ ಇದೆ ಅಂತಲ್ಲ, ಶೋ ಯಾರ ಸ್ವತ್ತು ಅಂತ. ಮಿಕ್ಕವರೆಲ್ಲ ಬಾಡಿಗೆ ಮನೆಯಲ್ಲಿ ಇದ್ದವರು, ಕಾರ್ಸನ್ ಒಬ್ಬ ಮನೆಯನ್ನೇ ತನ್ನ ಹೆಸರಿಗೆ ಬರೆಸಿಕೊಂಡವನು.

ಅದು ಹೇಗೆ ಆಯಿತು ನೋಡಿ. 1979ರಲ್ಲಿ ಅವನಿಗೆ ಎನ್‌ಬಿಸಿ ಸಾಕಾಗಿತ್ತು. ಬಿಡುತ್ತೇನೆ ಅಂದ. ನಿನ್ನ ಕಾಂಟ್ರಾಕ್ಟ್ ಇನ್ನೂ ಮುಗಿದಿಲ್ಲ ಅಂತ ಎನ್‌ಬಿಸಿ ಅಂದಿತು. ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ಇದೆ. ಯಾರನ್ನೂ ಏಳು ವರ್ಷಕ್ಕಿಂತ ಜಾಸ್ತಿ ಸೇವೆಯ ಕಾಂಟ್ರಾಕ್ಟಿನಲ್ಲಿ ಕಟ್ಟಿಹಾಕುವ ಹಾಗಿಲ್ಲ. ನಲವತ್ತರ ದಶಕದಲ್ಲಿ ನಟಿ ಒಲಿವಿಯಾ ಡಿ ಹ್ಯಾವಿಲ್ಯಾಂಡ್ ವಾರ್ನರ್ ಬ್ರದರ್ಸ್ ಮೇಲೆ ಕೇಸ್ ಹಾಕಿ ಗೆದ್ದಿದ್ದು ಇದರ ಮೇಲೇ. ಕಾರ್ಸನ್ ವಕೀಲರು ಅದನ್ನೇ ಹಿಡಿದರು. ಆ ಕಡೆ ಎಬಿಸಿ ಅವನನ್ನು ಸೆಳೆಯಲು ಕಾದು ಕೂತಿತ್ತು. ಎನ್‌ಬಿಸಿ ಬೆವರಿತು.

1980ರಲ್ಲಿ ರಾಜಿ ಆಯಿತು. 90 ನಿಮಿಷದ ಶೋ 60 ನಿಮಿಷಕ್ಕೆ ಇಳಿಯಿತು. ಕೆಲಸ ಕಡಿಮೆ, ದುಡ್ಡು ಜಾಸ್ತಿ. ಅದಕ್ಕಿಂತ ದೊಡ್ಡದು ಅಂದರೆ ಶೋ ಅವನ ಕಂಪನಿ ಕಾರ್ಸನ್ ಪ್ರೊಡಕ್ಷನ್ಸ್ ಪಾಲಾಯಿತು. ಅದರ ಹಿಂದೆಯೇ ಬರುವ 12:30ರ ಸ್ಲಾಟ್‌ನ ಮೇಲೂ ಅವನಿಗೆ ಹಕ್ಕು ಬಂತು.

ಈಗ ರಿವರ್ಸ್ ವಿಷಯ ಇನ್ನೊಮ್ಮೆ ನೋಡಿ. ಅವಳು ಬಿಟ್ಟು ಹೋಗಿದ್ದು ಬರೀ ಗೆಳೆಯನನ್ನಲ್ಲ, ಮಾಲೀಕನನ್ನು. ಅವಳು ಎದುರು ಹಾಕಿಕೊಂಡಿದ್ದು ನೆಟ್‌ವರ್ಕಿನ ಶೋ ಅಲ್ಲ, ಅವನ ಸ್ವಂತ ಆಸ್ತಿ. ಅವನ ಸಿಟ್ಟು ಅಷ್ಟು ಯಾಕೆ ಇತ್ತು ಅಂತ ನನಗೆ ಇದರಿಂದ ಅರ್ಥವಾಗುತ್ತದೆ. ಸರಿ ಅಂತ ಹೇಳುತ್ತಿಲ್ಲ.

ಪಾಪ್‌ಕಾರ್ನ್ ಪುಟ್ಟ:
ಮೇಷ್ಟ್ರೇ ಹಾಗಾದರೆ ಲೆಟರ್‌ಮನ್ ಕೂಡ ಕಾರ್ಸನ್ ಬಾಡಿಗೆದಾರನಾ??

ಲೆಕ್ಕದ ಮೇಷ್ಟ್ರು:
ಹೌದು. 'ಲೇಟ್ ನೈಟ್ ವಿತ್ ಡೇವಿಡ್ ಲೆಟರ್‌ಮನ್' ಶುರುವಾಗಿದ್ದು 1982ರ ಫೆಬ್ರವರಿ 1ಕ್ಕೆ, ರಾತ್ರಿ 12:30ಕ್ಕೆ. ಮೊದಲ ಅತಿಥಿ ಬಿಲ್ ಮರ್ರಿ. ಅದಕ್ಕೂ ಕಾರ್ಸನ್ ಕಂಪನಿಯದೇ ಪಾಲು. ಜೊತೆಗೆ ಷರತ್ತುಗಳೂ ಇದ್ದವು. ಕಾರ್ಸನ್ ತರಹ ಉದ್ದ ಮೊನೊಲಾಗ್ ಮಾಡುವ ಹಾಗಿಲ್ಲ, ಅದಕ್ಕೆ ಅವನು ಸುಮ್ನೆ 'ಓಪನಿಂಗ್ ರಿಮಾರ್ಕ್ಸ್' ಅಂತ ನಾಲ್ಕು ಮಾತು ಆಡುತ್ತಿದ್ದ. ಕಹಳೆ ಊದುವ ದೊಡ್ಡ ಬ್ಯಾಂಡ್ ಇಟ್ಟುಕೊಳ್ಳುವ ಹಾಗಿಲ್ಲ. ಎಡ್ ಮೆಕ್‌ಮೇನ್ ತರಹ ಪಕ್ಕದಲ್ಲಿ ಕೂತು ನಗುವ ಜೊತೆಗಾರ ಬೇಡ. ಕಾರ್ಸನ್‌ನ ಹಳೇ ಅತಿಥಿಗಳನ್ನು ಕರೆಯುವ ಹಾಗಿಲ್ಲ.

ರಾತ್ರಿಪಾಳಿ:
ಅಂದರೆ ಕಾರ್ಸನ್ ಕಟ್ಟಿಹಾಕಿದ್ದಕ್ಕೇ ಲೆಟರ್‌ಮನ್ ಲೆಟರ್‌ಮನ್ ಆಗಿದ್ದಾ! ಇದು ನನಗೆ ತುಂಬಾ ಇಷ್ಟವಾಯಿತು. ದೊಡ್ಡ ಸ್ಟಾರ್‌ಗಳು ಸಿಗುವುದಿಲ್ಲ, ಸರಿ, ನಾಯಿ ಕರೆದುಕೊಂಡು ಬನ್ನಿ. ಸ್ಟುಪಿಡ್ ಪೆಟ್ ಟ್ರಿಕ್ಸ್! ನಾಲ್ಕೇ ಜನರ ಬ್ಯಾಂಡ್, ಸರಿ, ಅದನ್ನು ನಡೆಸಲು ಪಾಲ್ ಶೇಫರ್ ಸಾಕು. ಮೈಗೆಲ್ಲ ವೆಲ್‌ಕ್ರೋ ಸುತ್ತಿಕೊಂಡು ಗೋಡೆಗೆ ಹಾರಿ ಅಂಟಿಕೊಂಡಿದ್ದು 1984ರಲ್ಲಿ. ನೀರಿಗೆ ಹಾಕಿದರೆ ನೊರೆ ಬರುವ ಮಾತ್ರೆಗಳನ್ನು ಅಂಟಿಸಿದ ಸೂಟ್ ಹಾಕಿಕೊಂಡು ನೀರಿನ ತೊಟ್ಟಿಗೆ ಇಳಿದು ಬುರುಬುರು ನೊರೆ ಎಬ್ಬಿಸಿದ. ಕೋತಿಯ ಬೆನ್ನಿಗೆ ಕ್ಯಾಮೆರಾ ಕಟ್ಟಿ ಸ್ಟುಡಿಯೋ ತುಂಬಾ ಓಡಿಸಿದ. ಒಂದು ಎಪಿಸೋಡಿನಲ್ಲಿ ಇಡೀ ಪರದೆಯೇ ಮೆಲ್ಲಗೆ ಒಂದು ಸುತ್ತು ತಿರುಗುತ್ತದೆ, ನಡುವೆ ಎಲ್ಲರೂ ತಲೆಕೆಳಗೆ! ಅದನ್ನು ಮನೆಯಲ್ಲಿ ಕೂತು ನೋಡಿದವರ ಗತಿ ನೆನೆಸಿಕೊಳ್ಳಿ.

ಎಡಿಸನ್ ಮಾವ:
ನೆನೆಸಿಕೊಳ್ಳುವುದು ಏಕೆ, ನಾನೇ ನೋಡಿದ್ದೇನೆ. ಟಿವಿ ಕೆಟ್ಟಿತು ಅಂತ ನನ್ನ ಹೆಂಡತಿ ಎದ್ದುಹೋಗಿ ತಲೆಗೆ ಎರಡು ಏಟು ಕೊಟ್ಟಳು. ಟಿವಿ ತಲೆಗೆ.

ನನಗೆ ಅವನಲ್ಲಿ ಇಷ್ಟವಾಗಿದ್ದು ಬೇರೆ. ಜನರಲ್ ಎಲೆಕ್ಟ್ರಿಕ್ ಕಂಪನಿ ಎನ್‌ಬಿಸಿಯನ್ನು ಕೊಂಡುಕೊಂಡ ಕಾಲ ಅದು, 1986. ಹೊಸ ಧಣಿಗಳನ್ನು ಮಾತಾಡಿಸಿಕೊಂಡು ಬರುತ್ತೇನೆ ಅಂತ ಲೆಟರ್‌ಮನ್ ಒಂದು ಹಣ್ಣಿನ ಬುಟ್ಟಿ ಹಿಡಿದುಕೊಂಡು ಅವರ ಆಫೀಸಿಗೆ ಹೋದ. ಕ್ಯಾಮೆರಾ ಹಿಂದೆಯೇ. ಸೆಕ್ಯುರಿಟಿಯವರು ಒಳಗೆ ಬಿಡಲಿಲ್ಲ. ಅವರಲ್ಲಿ ಒಬ್ಬ ಕೈಕುಲುಕಲು ಅಂತ ಕೈ ಮುಂದೆ ಮಾಡಿ, ಫಕ್ಕನೆ ಹಿಂದೆ ಎಳೆದುಕೊಂಡ. ಅದನ್ನೇ 'ಜಿಇ ಹ್ಯಾಂಡ್‌ಶೇಕ್' ಅಂತ ತೋರಿಸಿ ತೋರಿಸಿ ನಗಿಸಿದ. ಸಂಬಳ ಕೊಡುವವರ ಮೇಲೇ ಹೀಗೆ ಜೋಕ್ ಮಾಡಬಹುದು ಅಂತ ನನಗೆ ಗೊತ್ತೇ ಇರಲಿಲ್ಲ. ನಮ್ಮ ಆಫೀಸಿನಲ್ಲಿ ಮ್ಯಾನೇಜರ್ ಬಂದರೆ ನಾನು ಎದ್ದು ನಿಲ್ಲುತ್ತಿದ್ದವನು.

ಲೆಕ್ಕದ ಮೇಷ್ಟ್ರು:
ಜೋಕ್ ಮಾಡಬಹುದು ಮಾವ. ಆದರೆ ಜೋಕ್ ಯಾರದು? 1993ರಲ್ಲಿ ಲೆಟರ್‌ಮನ್ ಎದುರಾಳಿ ನೆಟ್‌ವರ್ಕ್ ಸಿಬಿಎಸ್‌ಗೆ ಹೋದಾಗ, ಟಾಪ್ ಟೆನ್ ಪಟ್ಟಿ, ಸ್ಟುಪಿಡ್ ಪೆಟ್ ಟ್ರಿಕ್ಸ್ ಎಲ್ಲಾ ನಮ್ಮ ಬೌದ್ಧಿಕ ಆಸ್ತಿ ಅಂತ ಎನ್‌ಬಿಸಿ ತಗಾದೆ ತೆಗೆಯಿತು. ಟಾಪ್ ಟೆನ್ ಶುರುವಾಗಿದ್ದು 1985ರ ಸೆಪ್ಟೆಂಬರಿನಲ್ಲಿ, ಬಟಾಣಿ ಅನ್ನುವ ಇಂಗ್ಲಿಷ್ ಪದಕ್ಕೆ ಹತ್ತಿರ ಹತ್ತಿರ ಪ್ರಾಸ ಆಗುವ ಹತ್ತು ಮಾತುಗಳು ಅಂತ. ಆ ಕೆಲಸಕ್ಕೆ ಬಾರದ ಪಟ್ಟಿಗೂ ವಕೀಲರು! ಲ್ಯಾರಿ ಬಡ್ ಮೆಲ್‌ಮನ್ ಅಂತ ಒಬ್ಬ ದಪ್ಪ ಕನ್ನಡಕದ ಮುದುಕ ಬರುತ್ತಿದ್ದನಲ್ಲ, ಅವನು ಆ ಹೆಸರು ಬಿಟ್ಟು ಕ್ಯಾಲ್ವರ್ಟ್ ಡಿಫಾರೆಸ್ಟ್ ಅಂತ ತನ್ನ ನಿಜ ಹೆಸರಿನಲ್ಲೇ ಸಿಬಿಎಸ್‌ನಲ್ಲಿ ಕಾಣಿಸಿಕೊಳ್ಳಬೇಕಾಯಿತು. ಬಾಡಿಗೆ ಮನೆ ಬಿಡುವಾಗ ಗೋಡೆಯ ಮೊಳೆಯನ್ನೂ ಬಿಟ್ಟು ಹೋಗು ಅಂದ ಹಾಗೆ. ಸಿಬಿಎಸ್‌ನಲ್ಲಿ ಅವನು ಬುದ್ಧಿ ಕಲಿತ, ಶೋವನ್ನು ತನ್ನ ಕಂಪನಿ ಹೆಸರಿನಲ್ಲೇ ಮಾಡಿದ.

ಶಿಕಾಗೋ ಸೊಸೆ:
ಎಲ್ಲಾ ರಾತ್ರಿ ಶೋಗಳ ಮಾತೇ ಆಯಿತು. ಹಗಲು ಶೋ ಯಾಕೆ ಯಾರೂ ಎತ್ತುತ್ತಿಲ್ಲ? ಹೆಂಗಸರು ನೋಡುತ್ತಿದ್ದರು ಅಂತಾನಾ?

ನಮ್ಮ ಅತ್ತೆ ಶಿಕಾಗೋಗೆ ಬಂದ ಹೊಸದರಲ್ಲಿ ಓಪ್ರಾ ಶೋ ನೋಡಿಯೇ ಈ ದೇಶ ಅರ್ಥ ಮಾಡಿಕೊಂಡಿದ್ದು ಅಂತ ಹೇಳುತ್ತಾರೆ. 1984ರ ಜನವರಿಯಲ್ಲಿ ಡಬ್ಲ್ಯೂಎಲ್‌ಎಸ್ ಸ್ಟೇಷನ್ನಿನ 'ಎಎಂ ಶಿಕಾಗೋ' ಅನ್ನುವ ಅರ್ಧ ಗಂಟೆಯ ಬೆಳಗಿನ ಶೋಗೆ ಓಪ್ರಾ ಬಂದಳು. ಆ ಶೋ ರೇಟಿಂಗಿನಲ್ಲಿ ಕೊನೆಯಲ್ಲಿತ್ತು. ಎದುರಿಗೆ ಫಿಲ್ ಡೊನಹ್ಯೂ. ಹಗಲು ಹೊತ್ತಿನ ಟಾಕ್ ಶೋ ಅಂದರೆ ಡೊನಹ್ಯೂ, ಅಷ್ಟೇ. ಓಪ್ರಾ ಕೆಲವೇ ವಾರಗಳಲ್ಲಿ ಶಿಕಾಗೋದಲ್ಲಿ ಅವನನ್ನು ಹಿಂದೆ ಹಾಕಿದಳು. 1985ರ ಜನವರಿಯಲ್ಲಿ ಡೊನಹ್ಯೂ ನ್ಯೂಯಾರ್ಕಿಗೆ ಹೋದ. ಓಪ್ರಾಗೆ ಹೆದರಿ ಓಡಿದ ಅಂತ ಅತ್ತೆ ಈಗಲೂ ಹೇಳುತ್ತಾರೆ. ಹೆಂಡತಿ ಮಾರ್ಲೊ ಥಾಮಸ್ ನ್ಯೂಯಾರ್ಕಿನಲ್ಲಿ ಇದ್ದಳು ಅಂತ ನಾನು ಹೇಳಿದರೆ ಒಪ್ಪುವುದಿಲ್ಲ.

1986ರ ಸೆಪ್ಟೆಂಬರ್ 8ಕ್ಕೆ ಶೋ ದೇಶ ಪೂರ್ತಿ ಹೋಯಿತು. ಮುಂದಿನ ಫೆಬ್ರವರಿಯಲ್ಲಿ ಅವಳು ಜಾರ್ಜಿಯಾದ ಫೋರ್ಸೈತ್ ಕೌಂಟಿಗೆ ಹೋಗಿ ಶೋ ಮಾಡಿದಳು. 1912ರಲ್ಲಿ ಕಪ್ಪು ಜನರನ್ನೆಲ್ಲ ಹೊಡೆದು ಓಡಿಸಿದ ಊರು ಅದು. ಮುಂದೆ ಕೂತಿದ್ದವರೆಲ್ಲ ಬಿಳಿಯರು. ನಿಮಗೆ ಯಾಕೆ ಭಯ ಅಂತ ಮೈಕ್ ಹಿಡಿದು ಒಬ್ಬೊಬ್ಬರನ್ನೂ ಕೇಳುತ್ತಾಳೆ. ಅವರು ಹೇಳುವ ಉತ್ತರ ಕೇಳಿದರೆ ಮೈ ಉರಿಯುತ್ತದೆ, ಅವಳ ಮುಖದಲ್ಲಿ ಮಾತ್ರ ಒಂದು ಗೆರೆ ಅಲುಗುವುದಿಲ್ಲ. ರಾತ್ರಿ ಶೋ ಗಂಡಸರಲ್ಲಿ ಒಬ್ಬನೂ ಇಂಥದ್ದು ಮಾಡಲಿಲ್ಲ.

ಹುಬ್ಬಳ್ಳಿ ಅಕ್ಕ:
ಚೆನ್ನಾಗಿ ಹೇಳಿದಿರಿ. ಆ ಎಪಿಸೋಡ್ ನಾನೂ ನೋಡಿದ್ದೇನೆ.

ಲೆಕ್ಕದ ಮೇಷ್ಟ್ರು:
ಸೊಸೆ ಮೇಡಂ, ನನ್ನ ವಾದಕ್ಕೆ ಓಪ್ರಾಗಿಂತ ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಅವಳಿಗೆ ಸಿಂಡಿಕೇಷನ್ ದಾರಿ ತೋರಿಸಿದ್ದು ಸಿನಿಮಾ ವಿಮರ್ಶಕ ರೋಜರ್ ಈಬರ್ಟ್. ಇಬ್ಬರೂ ಊಟಕ್ಕೆ ಹೋಗಿದ್ದಾಗ ಪೇಪರ್ ನ್ಯಾಪ್ಕಿನ್ ಮೇಲೆ ಲೆಕ್ಕ ಹಾಕಿ ತೋರಿಸಿದೆ ಅಂತ ಅವನೇ ಬರೆದಿದ್ದಾನೆ. ನನ್ನದು ಅರ್ಧ ಗಂಟೆ, ನಿನ್ನದು ಒಂದು ಗಂಟೆ. ನನ್ನದು ವಾರಕ್ಕೊಂದು, ನಿನ್ನದು ವಾರಕ್ಕೆ ಐದು. ಗುಣಿಸು ಅಂತ.

ಸಿಂಡಿಕೇಷನ್ ಅಂದರೆ ನೆಟ್‌ವರ್ಕ್ ಮರ್ಜಿ ಬೇಡ. ಕಿಂಗ್ ವರ್ಲ್ಡ್ ಅನ್ನುವ ಕಂಪನಿ ಶೋವನ್ನು ಊರೂರಿನ ಟಿವಿ ಸ್ಟೇಷನ್‌ಗಳಿಗೆ ಒಂದೊಂದಾಗಿ ಮಾರುತ್ತಿತ್ತು. 'ವೀಲ್ ಆಫ್ ಫಾರ್ಚ್ಯೂನ್' ಮಾರುತ್ತಿದ್ದವರೂ ಅವರೇ. ಆಮೇಲೆ 1988ರಲ್ಲಿ ಓಪ್ರಾ ಶೋನ ಮಾಲೀಕತ್ವವನ್ನೇ ತನ್ನ ಹಾರ್ಪೊ ಕಂಪನಿಗೆ ತೆಗೆದುಕೊಂಡಳು. ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ತಿರುಗಿಸಿ ಓದಿ, ಗೊತ್ತಾಗುತ್ತದೆ. ರಿವರ್ಸ್ ಕೂಡ 1986ರಲ್ಲೇ ದೊಡ್ಡ ಹೆಜ್ಜೆ ಇಟ್ಟಳು. ಆದರೆ ಒಬ್ಬ ಯಜಮಾನನಿಂದ ಇನ್ನೊಬ್ಬ ಯಜಮಾನನ ಹತ್ತಿರ ಹೋದಳು. ಅದೇ ವ್ಯತ್ಯಾಸ.

ಹುಬ್ಬಳ್ಳಿ ಅಕ್ಕ:
ಮೇಷ್ಟ್ರೇ, ನಿಮ್ಮ ಲೆಕ್ಕ ಚೆನ್ನಾಗಿದೆ, ಆದರೆ ಎಲ್ಲಾ ಬೀಗಕ್ಕೂ ಅದೊಂದೇ ಕೀಲಿಕೈ ಹಾಕಬೇಡಿ. ಆರ್ಸೇನಿಯೋ ಹಾಲ್ ನೋಡಿ. ರಿವರ್ಸ್‌ನ ಓಡಿಸಿದ ಮೇಲೆ ಅದೇ ಫಾಕ್ಸ್ ಶೋನಲ್ಲಿ ಕೆಲವು ವಾರ ಕೂತ. ಜನಕ್ಕೆ ಇಷ್ಟವಾದ. ಆದರೂ ಫಾಕ್ಸ್ ಅವನನ್ನು ಇಟ್ಟುಕೊಳ್ಳಲಿಲ್ಲ. 1989ರ ಜನವರಿಯಲ್ಲಿ ಪ್ಯಾರಮೌಂಟ್ ಸಿಂಡಿಕೇಷನ್ನಿನಲ್ಲಿ ತನ್ನದೇ ಶೋ ಶುರು ಮಾಡಿದ. ಕಾರ್ಸನ್ ಶೋನಲ್ಲಿ ಜಾಗ ಸಿಗದ ರ‍್ಯಾಪ್ ಹಾಡುಗಾರರು, ಕಪ್ಪು ನಟರು ಎಲ್ಲಾ ಇವನ ಸೋಫಾ ಮೇಲೆ. ಮೇಜೇ ಇರಲಿಲ್ಲ! ಪ್ರೇಕ್ಷಕರು ಚಪ್ಪಾಳೆ ಬಿಟ್ಟು ಮುಷ್ಟಿ ತಿರುಗಿಸಿ ನಾಯಿ ಹಾಗೆ ಊಹ್ ಊಹ್ ಅಂತ ಕೂಗುತ್ತಿದ್ದರು.

ಅವನು ಗೆದ್ದಿದ್ದು ಮಾಲೀಕತ್ವದಿಂದಲ್ಲ. ಯಾರೂ ಕೇಳಿರದ ಪ್ರೇಕ್ಷಕರನ್ನು ಕೇಳಿದ್ದರಿಂದ. ರಿವರ್ಸ್ ಸೋತಿದ್ದೂ ಅದಕ್ಕೇ ಅಂತ ನನ್ನ ಅಭಿಪ್ರಾಯ. ಅವಳು ಕಾರ್ಸನ್ ಪ್ರೇಕ್ಷಕರನ್ನೇ ಕದಿಯಲು ನೋಡಿದಳು. ಅವರು ಹನ್ನೊಂದೂವರೆಗೆ ಚಾನೆಲ್ ಬದಲಿಸುವ ಪೈಕಿ ಅಲ್ಲವೇ ಅಲ್ಲ.

ಎಡಿಸನ್ ಮಾವ:
ಇದನ್ನು ಒಪ್ಪುತ್ತೇನೆ. ನಾನೇ ಬದಲಿಸಲಿಲ್ಲ.

ಇನ್ನೊಂದು ಕಾರಣ ಇದೆ. ಫಾಕ್ಸ್ ಸಿಗಬೇಕಲ್ಲ! ದೊಡ್ಡ ಊರುಗಳಲ್ಲಿ ಮರ್ಡಾಕ್ ಮೆಟ್ರೋಮೀಡಿಯಾ ಕಂಪನಿಯಿಂದ ಒಳ್ಳೆಯ ಸ್ಟೇಷನ್ ಕೊಂಡಿದ್ದ. ಸಣ್ಣ ಊರುಗಳಲ್ಲಿ ಫಾಕ್ಸ್ ಬರುತ್ತಿದ್ದದ್ದು ಯುಎಚ್‌ಎಫ್ ಚಾನೆಲ್ಲಿನಲ್ಲಿ. ಬೇರೆ ಆಂಟೆನಾ, ಬರೀ ಮಸುಕು. ಒಳನಾಡಿನಲ್ಲಿದ್ದ ನನ್ನ ಸ್ನೇಹಿತನ ಮನೆಯಲ್ಲಿ ರಿವರ್ಸ್ ಮುಖ ಹಿಮ ಬಿದ್ದ ಹಾಗೆ ಕಾಣುತ್ತಿತ್ತು.

ಪಾಪ್‌ಕಾರ್ನ್ ಪುಟ್ಟ:
ನನಗೆ ಗಲಾಟೆ ಶೋ ಬೇಕು. ಕುರ್ಚಿ ಎಸೆದಾಡೋದು ಯಾವುದು? ಜೆರಿ ಸ್ಪ್ರಿಂಗರ್ ಅಲ್ವಾ?

ರಾತ್ರಿಪಾಳಿ:
ಸ್ಪ್ರಿಂಗರ್ ಬಂದಿದ್ದು ತೊಂಬತ್ತರಲ್ಲಿ. ಎಂಬತ್ತರ ಕುರ್ಚಿ ಹೆರಾಲ್ಡೊ ರಿವೇರಾದು. 1988ರ ನವೆಂಬರಿನಲ್ಲಿ ಬಿಳಿಯ ಜನಾಂಗವಾದಿ ಹುಡುಗರನ್ನೂ ಕಪ್ಪು ಜನರ ಹಕ್ಕಿನ ಹೋರಾಟಗಾರ ರಾಯ್ ಇನಿಸ್‌ನನ್ನೂ ಒಂದೇ ವೇದಿಕೆಯಲ್ಲಿ ಕೂರಿಸಿದ. ಏನಾಗಬೇಕೋ ಅದೇ ಆಯಿತು. ಹಾರಿ ಬಂದ ಕುರ್ಚಿ ಹೆರಾಲ್ಡೊ ಮೂಗು ಮುರಿಯಿತು. ಬ್ಯಾಂಡೇಜ್ ಹಾಕಿಕೊಂಡೇ ಮುಂದಿನ ಶೋಗಳನ್ನು ಮಾಡಿದ. ನ್ಯೂಸ್‌ವೀಕ್ ಮುಖಪುಟದಲ್ಲಿ ಅವನ ಫೋಟೋ ಹಾಕಿ 'ಟ್ರ್ಯಾಶ್ ಟಿವಿ' ಅಂತ ಬರೆಯಿತು.

ಅವನದು ಇನ್ನೂ ಒಂದು ಇದೆ. 1986ರ ಏಪ್ರಿಲ್ 21. ಶಿಕಾಗೋದ ಲೆಕ್ಸಿಂಗ್ಟನ್ ಹೋಟೆಲಿನ ನೆಲಮಾಳಿಗೆಯಲ್ಲಿ ಅಲ್ ಕಪೋನ್‌ನ ಗುಪ್ತ ಖಜಾನೆ ಇದೆ ಅಂತ ಎರಡು ಗಂಟೆ ಲೈವ್. ಸುಮಾರು 3 ಕೋಟಿ ಜನ ನೋಡಿದರು. ಹೆಣ ಸಿಕ್ಕರೆ ಇರಲಿ ಅಂತ ವೈದ್ಯಾಧಿಕಾರಿ, ದುಡ್ಡು ಸಿಕ್ಕರೆ ಅಂತ ತೆರಿಗೆ ಇಲಾಖೆಯವರು! ಗೋಡೆ ಒಡೆದರು. ಸಿಕ್ಕಿದ್ದು ಮಣ್ಣು ಮತ್ತು ಕೆಲವು ಖಾಲಿ ಬಾಟಲಿ. ಈಗ ನಮ್ಮ ನ್ಯೂಸ್ ಚಾನೆಲ್‌ಗಳು ಇದೇ ಕೆಲಸವನ್ನು ದಿನಾ ಸಂಜೆ ಮಾಡುತ್ತವೆ ಬಿಡಿ.

ಎಡಿಸನ್ ಮಾವ:
ನಮ್ಮ ನ್ಯೂಜೆರ್ಸಿ ಕೊಡುಗೆ ಮರೆಯಬೇಡಿ. ಮಾರ್ಟನ್ ಡೌನಿ ಜೂನಿಯರ್! ಸಿಕಾಕಸ್‌ನ ಚಾನೆಲ್ 9ರಿಂದ, 1987ರಲ್ಲಿ ಶುರು. ಬಾಯಲ್ಲಿ ಸಿಗರೇಟು, ಅತಿಥಿಯ ಮುಖಕ್ಕೇ ಹೊಗೆ. ಎದುರು ಮಾತಾಡಿದರೆ 'ಜಿಪ್ ಇಟ್' ಅಂತ ಕಿರುಚುವುದು. 1989ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ವಿಮಾನ ನಿಲ್ದಾಣದ ಬಚ್ಚಲಿನಲ್ಲಿ ಯಾರೋ ತನ್ನನ್ನು ಹೊಡೆದು ಕೂದಲು ಕತ್ತರಿಸಿದರು ಅಂದ. ಪೊಲೀಸರಿಗೆ ನಂಬಿಕೆ ಬರಲಿಲ್ಲ, ಜನಕ್ಕೂ ಬರಲಿಲ್ಲ. ಅದೇ ವರ್ಷ ಶೋ ಮುಗಿಯಿತು. ಆಮೇಲೆ ಶ್ವಾಸಕೋಶದ ಕ್ಯಾನ್ಸರ್ ಬಂದು ಸಿಗರೇಟಿನ ವಿರುದ್ಧ ಪ್ರಚಾರ ಮಾಡಿದ. 2001ರಲ್ಲಿ ಹೋದ.

ಶಿಕಾಗೋ ಸೊಸೆ:
ಗಲಾಟೆ ಇಲ್ಲದೆಯೂ ಜನರನ್ನು ಎದುರುಬದುರು ಕೂರಿಸಬಹುದು. ಡೊನಹ್ಯೂ ಅದನ್ನು ಮಾಡಿದ. ರಷ್ಯಾದ ಪತ್ರಕರ್ತ ವ್ಲಾದಿಮಿರ್ ಪೋಸ್ನರ್ ಜೊತೆ ಸೇರಿ, 1985ರ ಕೊನೆಯಲ್ಲಿ ಸಿಯಾಟಲ್ ಜನ ಮತ್ತು ಲೆನಿನ್‌ಗ್ರಾಡ್ ಜನ ಉಪಗ್ರಹದ ಮೂಲಕ ನೇರವಾಗಿ ಮಾತಾಡುವ ಹಾಗೆ ಮಾಡಿದ. ಶೀತಲ ಸಮರದ ಮಧ್ಯೆ! ಮರುವರ್ಷ ಬಾಸ್ಟನ್ ಮತ್ತು ಲೆನಿನ್‌ಗ್ರಾಡ್ ಹೆಂಗಸರ ನಡುವೆ ಇನ್ನೊಂದು. ನಮ್ಮ ಜಾಹೀರಾತುಗಳಲ್ಲಿ ಬರೀ ಸೆಕ್ಸ್ ತುಂಬಿದೆ, ನಿಮ್ಮ ಟಿವಿಯಲ್ಲೂ ಹಾಗೇನಾ ಅಂತ ಅಮೆರಿಕದ ಹೆಂಗಸು ಕೇಳಿದಳು. ನಮ್ಮಲ್ಲಿ ಸೆಕ್ಸ್ ಇಲ್ಲ ಅಂತ ಆ ಕಡೆಯವಳು ಶುರು ಮಾಡಿದಳು. ಉಳಿದ ಮಾತು ನಗುವಿನಲ್ಲಿ ಮುಳುಗಿತು. ರಷ್ಯಾದಲ್ಲಿ ಈಗಲೂ ಅದು ಗಾದೆ ಹಾಗೆ ಓಡಾಡುತ್ತದೆ.

ರಾತ್ರಿಪಾಳಿ:
ಕಾರ್ಸನ್ ಕಡೆ ಒಂದು ಒಳ್ಳೆಯ ಮಾತೂ ಹೇಳಿಬಿಡುತ್ತೇನೆ. ಅವನು ಮೂಲತಃ ಜಾದೂಗಾರ, ಹುಡುಗನಾಗಿದ್ದಾಗ ನೆಬ್ರಾಸ್ಕಾದಲ್ಲಿ 'ಗ್ರೇಟ್ ಕಾರ್ಸೋನಿ' ಅಂತ ಆಟ ತೋರಿಸುತ್ತಿದ್ದ. ಅದಕ್ಕೇ ಮೋಸ ಕಂಡರೆ ಆಗುತ್ತಿರಲಿಲ್ಲ. 1986ರಲ್ಲಿ ಇಂಥ ಮೋಸ ಬಯಲು ಮಾಡುತ್ತಿದ್ದ ಇನ್ನೊಬ್ಬ ಜಾದೂಗಾರ ಜೇಮ್ಸ್ ರ‍್ಯಾಂಡಿ ಅವನ ಶೋಗೆ ಒಂದು ಟೇಪ್ ತಂದ. ಪೀಟರ್ ಪೊಪಾಫ್ ಅನ್ನುವ ಬೋಧಕ ಸಭೆಯಲ್ಲಿ ಜನರ ಹೆಸರು, ಊರು, ಕಾಯಿಲೆ ಎಲ್ಲಾ ದೇವರೇ ಹೇಳಿದ ಹಾಗೆ ಹೇಳುತ್ತಿದ್ದ. ರ‍್ಯಾಂಡಿ ತಂಡ ರೇಡಿಯೋ ಸ್ಕ್ಯಾನರ್ ಹಿಡಿದು ಕೂತಿತು. 39.17 ಮೆಗಾಹರ್ಟ್ಸ್‌ನಲ್ಲಿ ಪೊಪಾಫ್ ಹೆಂಡತಿಯ ದನಿ ಸಿಕ್ಕಿತು. ಅವಳು ಚೀಟಿ ನೋಡಿ ಹೇಳುತ್ತಿದ್ದಳು, ಅವನ ಕಿವಿಯಲ್ಲಿ ಪುಟ್ಟ ರಿಸೀವರ್. ಆ ಟೇಪು ಟುನೈಟ್ ಶೋನಲ್ಲಿ ಓಡಿತು. ಮುಂದಿನ ವರ್ಷ ಪೊಪಾಫ್ ದಿವಾಳಿ ಅರ್ಜಿ ಹಾಕಿದ.

ಲೆಕ್ಕದ ಮೇಷ್ಟ್ರು:
ನಮ್ಮ ಎಚ್. ನರಸಿಂಹಯ್ಯನವರು ನೆನಪಾದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ತನಿಖೆಗೆ ಸಮಿತಿಯನ್ನೇ ಮಾಡಿದ್ದರು. ಅವರಿಗೆ ಇಂಥ ಒಂದು ಟಿವಿ ಶೋ ಸಿಗಲಿಲ್ಲ. ಆಗ ನಮ್ಮ ಬೆಂಗಳೂರಿಗೆ ದೂರದರ್ಶನವೇ ಬಂದಿರಲಿಲ್ಲ. ಪೊಪಾಫ್ ಮಾತ್ರ ಆಮೇಲೆ ತಿರುಗಿ ಬಂದು ಪವಾಡದ ನೀರು ಹಂಚುತ್ತಾ ಚೆನ್ನಾಗಿಯೇ ದುಡ್ಡು ಮಾಡಿದ. ಟಿವಿಯಲ್ಲೇ!

ನಿರ್ವಾಹಕರು:
ಪವಾಡ, ಬಾಬಾಗಳ ಚರ್ಚೆಗೆ ಬೇರೆ ಎಳೆ ಇದೆ. ಇಲ್ಲಿ ಟಾಕ್ ಶೋ ಮಾತ್ರ. ದಯವಿಟ್ಟು.

ಹುಬ್ಬಳ್ಳಿ ಅಕ್ಕ:
ಸರಿ ರೀ. ಮತ್ತೆ ರಿವರ್ಸ್ ಹತ್ತಿರ ಬರೋಣ. ಕಾರ್ಸನ್ ನಿವೃತ್ತಿ ಆದ ಮೇಲೂ ಅವಳಿಗೆ ಟುನೈಟ್ ಶೋ ಬಾಗಿಲು ತೆರೆಯಲಿಲ್ಲ. ಆಮೇಲೆ ಆ ಶೋ ನಡೆಸಿದ ಜೇ ಲೆನೊ ಕರೆಯಲಿಲ್ಲ, ಕೋನನ್ ಓಬ್ರಿಯನ್ ಕರೆಯಲಿಲ್ಲ. 2014ರ ಫೆಬ್ರವರಿಯಲ್ಲಿ ಜಿಮ್ಮಿ ಫ್ಯಾಲನ್ ಮೊದಲ ರಾತ್ರಿಯೇ ಒಂದು ಕ್ಷಣಕ್ಕೆ ಕರೆದ. ಮುಂದಿನ ತಿಂಗಳು ಅತಿಥಿಯಾಗಿ ಕೂರಿಸಿದ. ಅದೇ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಳು. ಮೇಷ್ಟ್ರೇ, ಕಾರ್ಸನ್ ಮನೆ ಮಾಲೀಕ ಅಂದಿರಿ. 1992ಕ್ಕೆ ಅವನು ಮನೆ ಬಿಟ್ಟಾಯಿತಲ್ಲ? ಆಮೇಲೂ ಇಪ್ಪತ್ತು ವರ್ಷ ಬೀಗ ಹಾಕಿದ್ದು ಯಾರು?

ಲೆಕ್ಕದ ಮೇಷ್ಟ್ರು:
ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅಕ್ಕ. ಆ ವಾದ ನಿಮ್ಮದೇ.

ಆದರೆ ಮಾಲೀಕತ್ವದ ಬಗ್ಗೆ ಒಂದೇ ಒಂದು ಮಾತು ಬಾಕಿ ಇದೆ. ಕಾರ್ಸನ್‌ನ ಮೊದಲ ಹತ್ತು ವರ್ಷದ ನ್ಯೂಯಾರ್ಕ್ ಎಪಿಸೋಡುಗಳು ಹೆಚ್ಚುಕಮ್ಮಿ ಒಂದೂ ಉಳಿದಿಲ್ಲ. ಟೇಪು ದುಬಾರಿ ಅಂತ ಎನ್‌ಬಿಸಿ ಅಳಿಸಿ ಅದರ ಮೇಲೇ ಬೇರೆ ತುಂಬಿಸಿತು. ಶೋ ತನ್ನ ಕೈಗೆ ಬಂದ ಮೇಲೆ ಕಾರ್ಸನ್ ಉಳಿದ ಟೇಪುಗಳನ್ನು ಕನ್ಸಾಸ್‌ನ ಹಚಿನ್ಸನ್‌ನಲ್ಲಿ, ನೆಲದಡಿಯ ಉಪ್ಪಿನ ಗಣಿಯಲ್ಲಿ ಇಡಿಸಿದ. ಅಲ್ಲಿ ತೇವ ಇಲ್ಲ, ಬಿಸಿ ಏರುವುದಿಲ್ಲ. ನೀವು ಯೂಟ್ಯೂಬಿನಲ್ಲಿ ನೋಡುತ್ತಿರುವ ರಿವರ್ಸ್ ಕ್ಲಿಪ್‌ಗಳೂ ಅವನು ಕಾಪಾಡಿದ್ದೇ.

ಹುಬ್ಬಳ್ಳಿ ಅಕ್ಕ:
ಅವಳ ಜೊತೆ ಮಾತು ಬಿಟ್ಟ, ಟೇಪು ಮಾತ್ರ ಬಿಡಲಿಲ್ಲ. ಒಪ್ಪಿದೆ. ಆದರೂ ಸಣ್ಣತನ ಸಣ್ಣತನವೇ.

ಪಾಪ್‌ಕಾರ್ನ್ ಪುಟ್ಟ:
ನಾನು ಅದನ್ನೇ ಎರಡನೇ ಕಾಮೆಂಟಿನಲ್ಲಿ ಹೇಳಿದ್ದೆ, ಯಾರೂ ಲೈಕ್ ಕೊಡಲಿಲ್ಲ.

ಸರಿ, ಇವತ್ತು ರಾತ್ರಿ ಒಂದೇ ಒಂದು ಕ್ಲಿಪ್ ನೋಡುವುದಾದರೆ ಯಾವುದು ಹೇಳಿ.

ರಾತ್ರಿಪಾಳಿ:
ಲೆಟರ್‌ಮನ್, 1982ರ ಜುಲೈ, ಆಂಡಿ ಕೌಫ್‌ಮನ್ ಮತ್ತು ಕುಸ್ತಿಪಟು ಜೆರಿ ಲಾಲರ್. ಕೌಫ್‌ಮನ್ ಕುತ್ತಿಗೆಗೆ ಪಟ್ಟಿ ಹಾಕಿಕೊಂಡು ಬಂದಿರುತ್ತಾನೆ. ಲಾಲರ್ ಎದ್ದು ಕಪಾಳಕ್ಕೆ ಬಾರಿಸುತ್ತಾನೆ, ಕೌಫ್‌ಮನ್ ಕುರ್ಚಿಯಿಂದ ಬೀಳುತ್ತಾನೆ. ತಿರುಗಿ ಬಂದು ಕಾಫಿ ಎರಚುತ್ತಾನೆ. ಅದು ಇಬ್ಬರೂ ಸೇರಿ ಮಾಡಿದ ನಾಟಕ ಅಂತ ಎಷ್ಟೋ ವರ್ಷದ ಮೇಲೆ ಹೊರಬಂತು. ಹೊಡೆತ ಬೀಳುವಾಗ ಕೌಫ್‌ಮನ್‌ನ ನೋಡಬೇಡ, ಲೆಟರ್‌ಮನ್ ಮುಖ ನೋಡು.

ಎಡಿಸನ್ ಮಾವ:
ನೋಡಿ ಮಲಗು ಪುಟ್ಟ. ಒಂದೇ ಒಂದು ಅಂತ ಶುರು ಮಾಡಿದರೆ ಬೆಳಗಾಗುತ್ತದೆ.